ವಿಪಿಎನ್ ಕನೆಕ್ಟ್ ಆಗ್ತಿತ್ತು, ಪೇಜ್ ಮಾತ್ರ ಲೋಡ್ ಆಗ್ತಿರ್ಲಿಲ್ಲ

ಅಗ್ಗದ ರೌಟರ್‌ಗೆ ಓಪನ್‌ಡಬ್ಲ್ಯೂಆರ್‌ಟಿ ಅನ್ನೋ ಓಪನ್ ಸೋರ್ಸ್ ರೌಟರ್ ಸಾಫ್ಟ್‌ವೇರ್ ಹಾಕಿ ವೈರ್‌ಗಾರ್ಡ್ ಅನ್ನೋ ವಿಪಿಎನ್ ಸೆಟಪ್ ಮಾಡ್ದೆ, ಸಣ್ಣ ಪ್ರೊಸೆಸರ್‌ಗೆ ಇನ್ನೊಂದು ವಿಪಿಎನ್ ಆದ ಓಪನ್‌ವಿಪಿಎನ್‌ಗಿಂತ ಇದೇ ಹಗುರ. ಹ್ಯಾಂಡ್‌ಶೇಕ್ (ಎರಡೂ ಕಡೆ ಕೀ ನೋಡಿ ಪರಸ್ಪರ ಗುರುತಿಸೋದು) ಆಗ್ತಿತ್ತು, ಪಿಂಗ್ ಅನ್ನೋ ಚಿಕ್ಕ ಪರೀಕ್ಷಾ ಪ್ಯಾಕೆಟ್‌ಗೆ ಉತ್ತರಾನೂ ಬರ್ತಿತ್ತು, ಆದ್ರೆ ಲ್ಯಾಪ್‌ಟಾಪಲ್ಲಿ ದೊಡ್ಡ ಪೇಜ್ ತೆಗೆದ್ರೆ ಅರ್ಧಕ್ಕೇ ನಿಂತ್ಬಿಡೋದು, ಎಸ್‌ಎಸ್‌ಎಚ್‌ನಲ್ಲಿ (ದೂರದ ಕಂಪ್ಯೂಟರ್‌ಗೆ ಕಮಾಂಡ್ ಕೊಡೋ ದಾರಿ) ಲಾಗಿನ್ ಆಗಿ ಉದ್ದದ ಔಟ್‌ಪುಟ್ ಬರೋ ಹೊತ್ಗೆ ಸ್ಕ್ರೀನ್ ಹಂಗೇ ಫ್ರೀಜ್. ಚಿಕ್ಕ ಪ್ಯಾಕೆಟ್ ದಾಟುತ್ತೆ, ದೊಡ್ಡದು ದಾಟಲ್ಲ ಅಂದ್ರೆ ಮೊದ್ಲು ಎಂಟಿಯು (ಒಂದು ಪ್ಯಾಕೆಟ್ ಎಷ್ಟು ಬೈಟ್ ಇರ್ಬಹುದು ಅನ್ನೋ ಮಿತಿ) ನೋಡಿ, ಕೀ ಬದಲಾಯಿಸೋಕೆ ಹೋಗ್ಬೇಡಿ.

ನನ್ನ ಇಂಟರ್ನೆಟ್ ಲೈನ್ ಪಿಪಿಪಿಒಇ (ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು ಕನೆಕ್ಟ್ ಆಗೋ ಬಗೆ), ಅದ್ರ ಎಂಟಿಯು 1492, ವಿಪಿಎನ್ ಟನಲ್ ಹೋಗ್ತಿದ್ದದ್ದು ಐಪಿವಿ6 ವಿಳಾಸದ ಮೇಲೆ, ಅಲ್ಲಿ ವೈರ್‌ಗಾರ್ಡ್ ಪ್ರತಿ ಪ್ಯಾಕೆಟ್‌ಗೆ ಸುತ್ತೋ ಹೊದಿಕೆಗೇ 80 ಬೈಟ್ ಬೇಕು, ಉಳಿಯೋದು 1412, ಆದ್ರೆ ವೈರ್‌ಗಾರ್ಡ್‌ನ ಡೀಫಾಲ್ಟ್ ಎಂಟಿಯು ಇದ್ದದ್ದು 1420! ಬರೀ 8 ಬೈಟ್ ಹೆಚ್ಚು. ಟನಲ್‌ನ ಎರಡೂ ಕಡೆ 1412 ಕೊಟ್ಟು, ರೌಟರ್ ಫೈರ್‌ವಾಲಲ್ಲಿ ವಿಪಿಎನ್ ಇರೋ ಝೋನ್‌ಗೆ ಎಂಎಸ್‌ಎಸ್ ಕ್ಲ್ಯಾಂಪಿಂಗ್ (ಟಿಸಿಪಿ ಪ್ಯಾಕೆಟ್‌ಗಳು ಆ ಮಿತಿ ದಾಟದಂತೆ ಮಾಡೋ ಆಯ್ಕೆ) ಟಿಕ್ ಮಾಡಿದ್ಮೇಲೆ ಎಲ್ಲಾ ಸರಾಗ. ಲ್ಯಾಪ್‌ಟಾಪ್ ನ್ಯಾಟ್ ಹಿಂದೆ (ಅಂದ್ರೆ ಹಲವರು ಒಂದೇ ವಿಳಾಸ ಹಂಚ್ಕೊಳ್ಳೋ ನೆಟ್‌ವರ್ಕಲ್ಲಿ) ಇದ್ರೆ, ಕನೆಕ್ಷನ್ ಕಡಿಯದಂತೆ ಆಗಾಗ ಪ್ಯಾಕೆಟ್ ಕಳಿಸೋ ಕೀಪ್‌ಅಲೈವ್ 25 ಸೆಕೆಂಡ್ ಇಡಿ.