ಕೃಷಿ ಹೊಂಡದ ಔಲು, ಬೋಟ್ ಬಂದ್ ಟೈಮಲ್ಲಿ ಮಾರಾಟ: ನನ್ನ ಅನುಭವ

ಬನವಾಸಿ ಕಡೆ ನಮ್ಮ ತೋಟದ ಹೊಂಡದಲ್ಲಿ ಔಲು ಸಾಕಿ ಈ ಸಲ ಖರ್ಚೆಲ್ಲಾ ಕಳೆದು ಹತ್ರ ಹತ್ರ 30 ಸಾವಿರ ಉಳೀತು. ಮುರೆಲ್ ಅಂತೀರಲ್ಲ, ಹಾವಿನ ಥರ ತಲೆ ಇರೋ ಸಿಹಿನೀರಿನ ಮೀನು, ಅದೇ. ಕುಮಟಾ ಅಂಕೋಲಾದಿಂದ ದಿನಾ ಬಂಗಡೆ ಬರೋ ಊರಲ್ಲಿ ಹೊಂಡದ ಮೀನು ಯಾರು ತಗೋತಾರೋ ಮಾರಾಯಾ ಅಂತ ಎಲ್ರೂ ಹೇಳಿದ್ರು, ಮೀನು ಸಾಕಣೆ ಟ್ರೇನಿಂಗಲ್ಲಿ ಸಿಕ್ಕಿದ ದೋಸ್ತ್‌ಗಳು ಕೂಡ ಕಾಟ್ಲಾ ರೋಹು ಬಿಡು ಸಾಕು ಅಂದ್ರು. ಅವ್ರು ಹೇಳಿದ್ದು ಹತ್ತು ತಿಂಗಳಿಗೆ ಸರಿ. ಆದ್ರೆ ಜೂನ್ 1ರಿಂದ ಜುಲೈ 31ರವರೆಗೆ ಬೋಟ್ ಬಂದ್ (ಮೀನು ಮರಿ ಮಾಡೋ ಕಾಲ ಅಂತ ಸರ್ಕಾರ ಯಾಂತ್ರಿಕ ಬೋಟ್ ಕಡಲಿಗೆ ಬಿಡಲ್ಲ), ಬಂಗಡೆ ಬರೋದೇ ಕಮ್ಮಿ, ಬಂದ್ರೂ ಐಸಲ್ಲಿ ಕೂತು ಕೂತು ಕಣ್ಣು ಕೆಂಪಾಗಿರೋದು, ರೇಟ್ ಕೇಳಿದ್ರೆ ತಲೆ ತಿರುಗ್ತದೆ. ಆವಾಗ ಜೀವ ಇರೋ ಔಲು ತಂದಿಟ್ರೆ ಜನ ನಿಂತು ತಗೋತಾರೆ. ನಾನು ಲೆಕ್ಕ ಹಾಕಿದ್ದು ಅಲ್ಲಿಂದ ಹಿಂದಕ್ಕೆ: ಜೂನ್‌ಲ್ಲಿ ಅರ್ಧ ಕೆಜಿ ದಾಟಬೇಕು ಅಂದ್ರೆ ಆಗಸ್ಟ್ ಕೊನೆ ಒಳಗೆ ಮರಿ ಹೊಂಡದಲ್ಲಿ ಇರಬೇಕು.

ಹೊಂಡ ಸುಮಾರು 40ಕ್ಕೆ 25 ಅಡಿ, ನೀರು ನಾಲ್ಕಡಿ ನಿಲ್ಲಿಸ್ತೀನಿ, ತಳಕ್ಕೆ ಟಾರ್ಪಲ್. ಮಣ್ಣಿನ ಹೊಂಡದಲ್ಲಿ ಔಲು ಕೆಸರಿಗೆ ಇಳಿದು ಕೂತ್ರೆ ಹಿಡಿಯೋದು ಆಗದ ಮಾತು, ಏಡಿ ಬೇರೆ ಕೊರೀತಾವೆ. ಟಾರ್ಪಲ್ಲಲ್ಲಿ ಅಡಗೋಕೆ ಜಾಗ ಇಲ್ಲ ಅಂತ ಒಂದು ಮೂಲೆಗೆ ಬಿದಿರಿನ ಚೌಕ ಮಾಡಿ ಅಂತರಗಂಗೆ ಬಿಟ್ಟಿದ್ದೀನಿ, ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಹರಡೋಕೆ ಬಿಡಲ್ಲ, ಯಾಕಂದ್ರೆ ಇದಕ್ಕೆ ಮೇಲೆ ಬಂದು ಗಾಳಿ ತಗೊಳ್ಳಲೇಬೇಕು. ಮೇಲೆ ಬರೋಕೆ ಆಗ್ದೆ ಹೋದ್ರೆ ನೀರಲ್ಲಿದ್ದೇ ಉಸಿರು ಕಟ್ಟಿ ಸಾಯ್ತದೆ.

ದುಡ್ಡು ಹೋಗಿದ್ದು ಎಲ್ಲ ಮರಿ ಹಂತದಲ್ಲೇ. ಮೊದಲು ಮುಂಗಾರಲ್ಲಿ ಕೆರೆ ಅಂಚಲ್ಲಿ ಕೆಂಪಗೆ ಗುಂಪಾಗಿ ಓಡಾಡೋ ಮರಿಗಳನ್ನ ಹಿಡ್ಕೊಂಡು ಬಂದೆ, ಮರಿ ಕಾಯೋ ದೊಡ್ಡ ಔಲು ಕಾಲಿಗೆ ಬಂದು ಹೊಡೀತದೆ ಅದು ಬೇರೆ ಮಾತು. ಒಂದೂ ಪೆಲೆಟ್ (ಅಂಗಡಿಯ ಮೀನಿನ ತಿಂಡಿ ಕಾಳು) ಮುಟ್ಟಲಿಲ್ಲ, ಒಂದನ್ನೊಂದು ತಿಂದು ಮುಗಿಸಿದ್ವು. ಆಮೇಲೆ ಬೇರೆ ಜಾತಿ ನೋಡೋಣ ಅಂದ್ರೆ, ಒಬ್ಬ ಏಜೆಂಟ್ ದೇಸಿ ಮುರುಗೋಡು (ಮೀಸೆ ಇರೋ ಕ್ಯಾಟ್‌ಫಿಶ್) ಅಂತ ಕಳಿಸಿದ್ದು ನೋಡಿದ್ರೆ ಆಫ್ರಿಕನ್ ಕ್ಯಾಟ್‌ಫಿಶ್, 2000ದಿಂದಲೇ ನಿಷೇಧ ಆಗಿರೋದು, ಅಷ್ಟನ್ನೂ ಹೂತು ಹಾಕ್ದೆ, ದುಡ್ಡು ವಾಪಸ್ ಬರಲಿಲ್ಲ. ತಲೆ ಮೇಲಿನ ಎಲುಬು ಹಿಂದುಗಡೆ ಚೂಪಾಗಿದ್ರೆ ನಮ್ಮದು, ಅಲೆ ಥರ ಇದ್ರೆ ಆಫ್ರಿಕನ್, ನೋಡ್ಕೊಳ್ಳಿ.

ಈಗ ಆಂಧ್ರ ಹ್ಯಾಚರಿಯಿಂದ ಒಂದೂವರೆ ಇಂಚಿನ ಮರಿ, ಸುಮಾರು 1500, ಒಂದಕ್ಕೆ ಐದು ರೂಪಾಯಿ ಹತ್ರ ಬಿತ್ತು, ಗಾಡಿ ಖರ್ಚು ಮೂರು ಸಾವಿರ. ಪೆಲೆಟ್ ರೂಢಿ ಮಾಡಿಸಿದ ಮರಿ ತಗೊಂಡ್ರೆ ಎರಡು ಪಟ್ಟಿಗಿಂತ ಜಾಸ್ತಿ ಕೇಳ್ತಾರೆ, ಆ ಕೆಲಸ ನಾನೇ ಮಾಡ್ತೀನಿ. ಹಾಪಾದಲ್ಲಿ (ನೀರಲ್ಲಿ ಕಟ್ಟೋ ಬಲೆ ತೊಟ್ಟಿ) ಬಿಟ್ಟು ತಾರ್ಲೆ (ಭೂತಾಯಿ ಮೀನು) ಅರೆದು ಉಂಡೆ ಮಾಡಿ ತಟ್ಟೆಯಲ್ಲಿ ಇಳಿಸೋದು, ಎರಡು ಮೂರು ದಿನಕ್ಕೊಮ್ಮೆ ತಾರ್ಲೆ ಕಮ್ಮಿ, ಪೆಲೆಟ್ ಪುಡಿ ಜಾಸ್ತಿ, ಮೂರು ವಾರದ ಹೊತ್ತಿಗೆ ತೇಲೋ ಕಾಳನ್ನೇ ಪಟಪಟ ಅಂತ ಹಿಡೀತಾವೆ. ಉಂಡೆಗೆ ಇನ್ನೊಂದು ಸಾಮಾನು ಸೇರಿಸ್ತೀನಿ, ಅದನ್ನ ಇಲ್ಲಿ ಬರೆಯಲ್ಲ. ಬರೆಯೋದು ಏನಂದ್ರೆ ಗ್ರೇಡಿಂಗ್. ವಾರ ಹತ್ತು ದಿನಕ್ಕೆ ತೂತಿನ ಬುಟ್ಟಿಯಲ್ಲಿ ಸೋಸಿ ದಪ್ಪಗಾದವನ್ನ ಬೇರೆ ಹಾಪಾಕ್ಕೆ ಹಾಕಲೇಬೇಕು, ಹೊಟ್ಟೆ ತುಂಬಿದ್ರೂ ದೊಡ್ಡದು ಸಣ್ಣದನ್ನ ನುಂಗ್ತದೆ, ಅರ್ಧ ಬಾಯಲ್ಲಿ ಸಿಕ್ಕಿಕೊಂಡು ಎರಡೂ ಸತ್ತು ತೇಲಿದ್ದು ನೋಡಿದ್ದೀನಿ. ಇಷ್ಟೆಲ್ಲಾ ಮಾಡಿ ಹೊಂಡಕ್ಕೆ ಇಳಿದಿದ್ದು ಸಾವಿರದ ಒಳಗೆ.

ಡಿಸೆಂಬರ್ ಜನವರಿ ಚಳಿಗೆ ಇಲ್ಲಿ ಮೀನು ತಿನ್ನೋದು ಕಮ್ಮಿ ಮಾಡ್ತದೆ, ಬೆಳಿಗ್ಗೆ ಹಾಕಿದ ಕಾಳು ಹಾಗೇ ಕೊಳೀತದೆ. ಮಧ್ಯಾಹ್ನ ಬಿಸಿಲಿಗೆ ಒಂದೇ ಹೊತ್ತು ಹಾಕಿ. ಮೈಮೇಲೆ ಕೆಂಪು ಹುಣ್ಣು ಏಳೋದು ಆವಾಗಲೇ, ಸುಣ್ಣ ಹತ್ತು ಪಾಲಿಗೆ ಅರಿಶಿನ ಒಂದು ಪಾಲು ಕದಡಿ ಎರಚ್ತೀನಿ, ಹುಣ್ಣು ಕಾಣೋಕೆ ಮುಂಚೆನೇ. ಗಾಳಿ ಕುಡಿಯೋ ಮೀನು, ನೀರು ಹೆಂಗಿದ್ರೂ ನಡೀತದೆ ಅಂತ ಮಾತ್ರ ತಿಳ್ಕೋಬೇಡಿ, ನೀರಿಗೆ ಗಾಳಿ ಊದೋ ಏರೇಟರ್ ಬೇಡ ಅಷ್ಟೆ, ಕಸ ಕೊಳೆತು ಆಗೋ ಅಮೋನಿಯಾ ಇದಕ್ಕೂ ವಿಷಾನೇ. ವಾರಕ್ಕೆ ಮೂರರಲ್ಲಿ ಒಂದು ಪಾಲು ನೀರು ಅಡಿಕೆ ಮರಕ್ಕೆ ಬಿಡ್ತೀನಿ, ಆ ಸಾಲಿಗೆ ಗೊಬ್ಬರ ಅರ್ಧ ಮಾಡಿದ್ರೂ ಗರಿ ಕಡು ಹಸಿರಾಗಿದೆ.

ಇದರ ಮಧ್ಯೆ ಒಂದು ಸಿಮೆಂಟ್ ತೊಟ್ಟಿಯಲ್ಲಿ ಚೇಳು ಮೀನು ಬಿಟ್ಟು ನೋಡ್ದೆ. ಬದುಕ್ತದೆ, ಬೆಳೆಯೋದು ನಿಧಾನ, ಮುಳ್ಳು ಚುಚ್ಚಿದ್ರೆ ಸಂಜೆವರೆಗೂ ಕೈ ಉರೀತದೆ, ಗಿರಾಕಿ ಸಿರ್ಸಿಯಲ್ಲಿ ಇಲ್ಲವೇ ಇಲ್ಲ. ಒರಲೆ (ಗೆದ್ದಲು) ಹುತ್ತ ಒಡೆದು ಔಲಿಗೆ ಹಾಕೋದನ್ನೂ ಮಾಡ್ದೆ, ಇಷ್ಟಪಟ್ಟು ತಿಂತಾವೆ, ಆದ್ರೆ ಮಾರನೇ ದಿನ ಪೆಲೆಟ್ ನೋಡಿ ಮುಖ ತಿರುಗಿಸ್ತಾವೆ.

ಮೊದಲ ಮಳೆಗೆ ಹುಷಾರಾಗಿರಿ. ಹತ್ತುಮೀನು (ಹೊಸ ನೀರಿಗೆ ಎದುರಾಗಿ ಹತ್ತಿ ಬರೋ ಮೀನು) ಏರೋ ರಾತ್ರಿ ಇವೂ ಹೊಂಡ ಬಿಟ್ಟು ಹೊರಡ್ತಾವೆ, ಹುಲ್ಲಲ್ಲಿ ತೆವಳಿಕೊಂಡು ಗದ್ದೆ ಸೇರ್ತಾವೆ. ಸುತ್ತ ಎರಡಡಿ ಶೇಡ್ ನೆಟ್, ಬುಡ ಮಣ್ಣಲ್ಲಿ ಹೂತು, ತುದಿ ಒಳಗಡೆ ಬಾಗಿಸಿ ಕಟ್ಟಿದ ಮೇಲೆ ನಿಂತಿತು.

ಲೆಕ್ಕ ಬಾಯಲ್ಲೇ ಹೇಳ್ತೀನಿ. 600 ಚಿಲ್ಲರೆ ಮೀನು, 350 ಕೆಜಿ ಮೇಲೆ. ಪೆಲೆಟ್ 550 ಕೆಜಿ ಹತ್ರ, ಕೆಜಿಗೆ 105ರಂಗೆ 58 ಸಾವಿರ ಅದೊಂದೇ. ಮರಿ, ಗಾಡಿ, ತಾರ್ಲೆ, ಬಲೆ, ಸುಣ್ಣ ಎಲ್ಲಾ ಸೇರಿ 20 ಸಾವಿರ. ಮಾರಿದ್ದು ಕೆಜಿಗೆ 300ಕ್ಕೆ, ಕೊನೆಕೊನೆಗೆ 320. ಹೊಂಡ ತೋಡಿದ್ದು, ಟಾರ್ಪಲ್ಲು ಇದರಲ್ಲಿ ಇಲ್ಲ.

ಒಂದೇ ಸಲ ಹಿಡಿದು ವ್ಯಾಪಾರಿಗೆ ಹಾಕಿದ್ರೆ 220 ಮೇಲೆ ಕೊಡ್ತಿರಲಿಲ್ಲ. ವಾರಕ್ಕೆ ಎರಡು ಸಲ 20, 25 ಕೆಜಿ ಹಿಡಿದು ಡ್ರಮ್ಮಲ್ಲಿ ಗೇಣು ನೀರು, ಮೇಲೆ ಒದ್ದೆ ಗೋಣಿ, ಬೈಕಲ್ಲೇ ಸಿರ್ಸಿಗೆ. ಮಧ್ಯಾಹ್ನದವರೆಗೂ ಒದ್ದಾಡ್ತಾ ಇರ್ತಾವೆ, ಗಿರಾಕಿಗೆ ಬೇರೆ ಏನೂ ಹೇಳೋದೇ ಬೇಡ. ಈ ಆಗಸ್ಟಿಗೆ ಪಕ್ಕದ ಗದ್ದೆಯವರು ಎರಡು ಹೊಂಡಕ್ಕೆ ಮರಿ ಹೇಳಿ ಅಂದಿದ್ದಾರೆ, ಒಟ್ಟಿಗೆ ತರಿಸಿದ್ರೆ ಗಾಡಿ ಖರ್ಚು ಹಂಚಿ ಹೋಗ್ತದೆ.