ಮಾತು ಕಡಿಮೆ ಇರುವವರಿಗೆ ಬೆಂಗಳೂರು ಒಗ್ಗುತ್ತದೆಯೇ?

ಮನೆಗೆ ನೆಂಟರು ಬಂದರೆ ರೂಮಿನ ಬಾಗಿಲು ಹಾಕಿಕೊಳ್ಳುವ ಹುಡುಗನೋ ಹುಡುಗಿಯೋ ಕೆಲಸಕ್ಕೆಂದು ಬೆಂಗಳೂರಿಗೆ ಹೊರಟಾಗ ಅಪ್ಪ ಅಮ್ಮನಿಗೆ ಚಿಂತೆ ಹತ್ತುವುದು ಸಹಜ. ಆದರೆ ಬೆಂಗಳೂರಿನ ಬಾಡಿಗೆ ರೂಮಿಗೆ ನೆಂಟರು ಬರುವುದೇ ಅಪರೂಪ. ಸಣ್ಣ ಊರಿನಲ್ಲಿ ಬಸ್ ಸ್ಟ್ಯಾಂಡಿಗೆ ಹೋಗಿ ಬರುವಷ್ಟರಲ್ಲಿ ನಾಲ್ಕು ಜನ ನಿಲ್ಲಿಸಿ ಕೆಲಸ, ಸಂಬಳ, ಮದುವೆ ವಿಚಾರಿಸುತ್ತಾರೆ. ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಸಂಜೆಯಿಡೀ ಸುತ್ತಿದರೂ ನೀವು ಯಾರ ಮಗ, ಯಾರ ಮಗಳು ಎಂದು ಕೇಳುವವರಿಲ್ಲ. ನಗರದಲ್ಲಿ ಕಣ್ಣು ಕಿವಿಗೆ ಬೀಳುವುದು ವಿಪರೀತವಾದಾಗ ಜನ ತಮಗೆ ಬೇಡದ್ದನ್ನು ನೋಡಿಯೂ ನೋಡದ ಹಾಗೆ ಇರಲು ಕಲಿಯುತ್ತಾರೆ ಎಂದು ಅಮೆರಿಕದ ಮನೋವಿಜ್ಞಾನಿ ಸ್ಟ್ಯಾನ್ಲಿ ಮಿಲ್‌ಗ್ರಾಂ 1970ರಲ್ಲೇ ಬರೆದಿದ್ದರು. ಊರಿನವರ ಕಣ್ಣಿಗೆ ಇದು ಒರಟುತನವಾಗಿ ಕಾಣಬಹುದು, ಅಂತರ್ಮುಖಿಗೆ ಇದೇ ದೊಡ್ಡ ಅನುಕೂಲ.

ಹಾಗಾದರೆ ಬೆಂಗಳೂರು ಬಿಟ್ಟು ವಾಪಸ್ ಹೋಗುವವರು ಯಾಕೆ ಹೋಗುತ್ತಾರೆ? ಹೆಚ್ಚಿನವರನ್ನು ಸೋಲಿಸುವುದು ಮೂವರ ರೂಮು, ದಿನಕ್ಕೆ ಮೂರು ಗಂಟೆ ರಸ್ತೆಯಲ್ಲಿ ಕಳೆಯುವ ಪ್ರಯಾಣ, ಮತ್ತು ವಾರಗಟ್ಟಲೆ ಯಾರ ಹತ್ತಿರವೂ ಮಾತಾಡದೆ ಉಳಿದುಬಿಡುವುದು. ಈ ಮೂರನ್ನೂ ಮೊದಲೇ ಯೋಚಿಸಿ ಹೊಂದಿಸಿಕೊಳ್ಳಬಹುದು.

ನಿಮ್ಮದು ಯಾವ ಬಗೆ?

ಮದುವೆ ಮನೆಯಲ್ಲಿ ಮೂರು ಗಂಟೆ ನಗುನಗುತ್ತಾ ಓಡಾಡಿ, ಮನೆಗೆ ಬಂದಮೇಲೆ ಸುಸ್ತಾಗಿ ಒಬ್ಬರೇ ಕೂರಬೇಕು ಅನಿಸಿದರೆ ನೀವು ಅಂತರ್ಮುಖಿ. ಮಾತಾಡಬೇಕೆಂಬ ಆಸೆ ಇದ್ದೂ ಬಾಯಿ ಬಾರದೆ ಮೂಲೆಯಲ್ಲಿ ನಿಂತು ಬಂದು, ಆಮೇಲೆ ಬೇಜಾರು ಮಾಡಿಕೊಂಡರೆ ಅದು ಸಂಕೋಚ. ಎರಡೂ ಒಬ್ಬರಲ್ಲೇ ಇರಬಹುದು, ಆದರೆ ಮದ್ದು ಬೇರೆ ಬೇರೆ. ಅಂತರ್ಮುಖಿಗೆ ಬೇಕಾದ್ದು ದಿನಕ್ಕೆ ಒಂದೆರಡು ಗಂಟೆ ಏಕಾಂತ. ಸಂಕೋಚ ಇರುವವರಿಗೆ ಬೇಕಾದ್ದು ಸಣ್ಣ ಸಣ್ಣ ಮಾತಿನ ಅಭ್ಯಾಸ. ಅದನ್ನು ಬೆಂಗಳೂರು ತಾನಾಗಿ ಮಾಡಿಸುವುದಿಲ್ಲ. ಊಟ, ಆಟೊ, ದಿನಸಿ ಎಲ್ಲವೂ ಮೊಬೈಲಿನಲ್ಲೇ ಆಗುವುದರಿಂದ ತಿಂಗಳುಗಟ್ಟಲೆ ಬಾಯಿ ತೆರೆಯದೆಯೂ ಇಲ್ಲಿ ಬದುಕಿಬಿಡಬಹುದು.

ಇನ್ನೊಂದು ಮಟ್ಟವಿದೆ. ಹೋಟೆಲಿನಲ್ಲಿ ಆರ್ಡರ್ ಕೊಡಲು, ಫೋನ್ ಎತ್ತಲು ಎದೆ ಡವಡವ ಹೊಡೆದು ಬೆವರುವುದು, ಆ ಭಯಕ್ಕೇ ಪರೀಕ್ಷೆ ಇಲ್ಲವೇ ಇಂಟರ್‌ವ್ಯೂ ತಪ್ಪಿಸಿಕೊಳ್ಳುವುದು. ಇದು ಸ್ವಭಾವವಲ್ಲ, ಚಿಕಿತ್ಸೆಯಿಂದ ಹತೋಟಿಗೆ ಬರುವ ತೊಂದರೆ. ಊರು ಬಿಡುವ ಮೊದಲೇ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಬೆಂಗಳೂರಿಗೆ ಬಂದಮೇಲಾದರೆ ಬಿಟಿಎಂ ಲೇಔಟಿನಲ್ಲಿ ನಿಮ್ಹಾನ್ಸ್‌ನವರ ಕ್ಷೇಮ ಕೇಂದ್ರವಿದೆ.

ಎರಡು ವಾರ ಇದ್ದು ನೋಡಿ

ಆಫರ್ ಲೆಟರ್ ಕೈಗೆ ಬಂದು, ಸೇರಲು ತಿಂಗಳಿದ್ದರೆ ಮೊದಲು ಹದಿನೈದು ದಿನ ಬಂದು ಇದ್ದು ನೋಡಿ. ದಿನದ ಲೆಕ್ಕದಲ್ಲಿ ರೂಮು ಕೊಡುವ ಪಿಜಿಗಳಿವೆ (ಪೇಯಿಂಗ್ ಗೆಸ್ಟ್ ವಸತಿಗಳು). ಮಾಲು, ಎಂಜಿ ರೋಡು ಸುತ್ತುವುದು ಈ ಪರೀಕ್ಷೆಯಲ್ಲಿ ಬರುವುದಿಲ್ಲ. ಸೋಮವಾರದಿಂದ ಶುಕ್ರವಾರದವರೆಗೆ ಬೆಳಿಗ್ಗೆ 9ಕ್ಕೆ ಹೊರಟು ಆಫೀಸಿನ ಗೇಟಿನವರೆಗೆ ಹೋಗಿ, ಸಂಜೆ 6ಕ್ಕೆ ಅಲ್ಲಿಂದ ವಾಪಸ್ ಬನ್ನಿ. ಭಾನುವಾರ ಖಾಲಿ ರಸ್ತೆ ನೋಡಿ ರೂಮು ಹಿಡಿದವರು ಸೋಮವಾರ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್‌ನಲ್ಲಿ ತಲೆ ಚಚ್ಚಿಕೊಳ್ಳುತ್ತಾರೆ.

ರೂಮಿನಲ್ಲಿ ಜಿಪುಣತನ ಬೇಡ

ಊಟ ಸೇರಿ ಪಿಜಿ ಬಾಡಿಗೆ ಮೂವರ ರೂಮಿಗೆ ಸುಮಾರು 7ರಿಂದ 9 ಸಾವಿರ, ಇಬ್ಬರದ್ದಕ್ಕೆ 9ರಿಂದ 13, ಒಬ್ಬರದ್ದಕ್ಕೆ 13ರಿಂದ 20 ಸಾವಿರದ ಆಸುಪಾಸು. ಬಡಾವಣೆ ನೋಡಿ ಹೆಚ್ಚು ಕಡಿಮೆ ಆಗುತ್ತದೆ. ಸಂಬಳ ತಡೆಯುವುದಾದರೆ ಮೊದಲ ಮೂರು ತಿಂಗಳು ಒಬ್ಬರ ರೂಮನ್ನೇ ಹಿಡಿಯಿರಿ. ಹೊಸ ಕೆಲಸ, ಹೊಸ ಜನ, ಹೊಸ ಭಾಷೆಗಳ ನಡುವೆ ಎಂಟು ಗಂಟೆ ಕಳೆದು ಬಂದವರಿಗೆ ರಾತ್ರಿಯೂ ಇನ್ನೊಬ್ಬರ ರೀಲ್ಸ್ ಸದ್ದು ಕೇಳಬೇಕಾಗಿ ಬಂದರೆ ಚೇತರಿಸಿಕೊಳ್ಳಲು ಹೊತ್ತೇ ಉಳಿಯುವುದಿಲ್ಲ. ಕೊನೆಗೆ ಬೈಗುಳ ಬೀಳುವುದು ಬೆಂಗಳೂರಿಗೆ. ಬಟ್ಟೆ, ಫೋನು, ಹೊರಗಿನ ಊಟ ಯಾವುದರಲ್ಲಾದರೂ ಉಳಿಸಿ.

20–25 ಸಾವಿರ ಸಂಬಳದಲ್ಲಿ ಅದು ಆಗದ ಮಾತು. ಆಗ ಇಬ್ಬರ ರೂಮು ತೆಗೆದುಕೊಂಡು, ಜೊತೆಗಾರರ ಶಿಫ್ಟ್ ಏನೆಂದು ಕೇಳಿ. ಮಧ್ಯಾಹ್ನ 2ರಿಂದ ರಾತ್ರಿ 11ರ ಶಿಫ್ಟಿನವರು ಸಿಕ್ಕರೆ ಅದೃಷ್ಟ: ನಿಮ್ಮ ಸಂಜೆಯೆಲ್ಲ ನಿಮ್ಮದೇ. ಬೆಳಗಿನ ಜಾವ 3ಕ್ಕೆ ಕ್ಯಾಬ್ ಹತ್ತುವವರು ಕಷ್ಟ, ಅವರ ಅಲಾರಂ ಮೊದಲು ಎಬ್ಬಿಸುವುದು ನಿಮ್ಮನ್ನೇ. ಪೂರ್ತಿ ನೈಟ್ ಶಿಫ್ಟಿನವರಾದರೆ ವಾರದ ದಿನ ಸುಖ, ಶನಿವಾರ ಭಾನುವಾರ ಹಗಲು ಕತ್ತಲು ಮಾಡಿಕೊಂಡು ಕೂರಬೇಕು.

ರೂಮು ನೋಡಲು ರಾತ್ರಿ 9ಕ್ಕೆ ಹೋಗಿ. ಬೆಳಿಗ್ಗೆ 11ಕ್ಕೆ ಎಲ್ಲ ಪಿಜಿಗಳೂ ಆಶ್ರಮದ ಹಾಗೆ ಶಾಂತ. ಗೋಡೆಯನ್ನು ಬೆರಳಿನ ಗೆಣ್ಣಿನಿಂದ ತಟ್ಟಿ ನೋಡಿ: ಟೊಳ್ಳು ಸದ್ದು ಬಂದರೆ ದೊಡ್ಡ ಹಾಲನ್ನು ಪ್ಲೈವುಡ್ ಹಾಕಿ ಎರಡು ಮಾಡಿದ್ದಾರೆ ಎಂದರ್ಥ, ಪಕ್ಕದವರ ಫೋನ್ ಸಂಭಾಷಣೆ ಅಕ್ಷರಶಃ ಕೇಳಿಸುತ್ತದೆ. ಲಿಫ್ಟು, ಊಟದ ಹಾಲು, ನೀರಿನ ಮೋಟಾರ್ ಹತ್ತಿರದ ರೂಮು ಬೇಡ. ಕಿಟಕಿ ತೆರೆದು ನೋಡಿ, ಎಷ್ಟೋ ಕಡೆ ಎರಡಡಿ ದೂರದಲ್ಲಿ ಪಕ್ಕದ ಕಟ್ಟಡದ ಗೋಡೆಯೇ ಇರುತ್ತದೆ. ಬೆಳಕೇ ಬಾರದ ರೂಮಿನಲ್ಲಿ ಒಂಟಿತನ ಬೇಗ ಹತ್ತುತ್ತದೆ.

ಫೋಮಿನ ಇಯರ್‌ಪ್ಲಗ್ ಒಂದು ಜೊತೆ ಇರಲಿ. ಹಾಗೇ ತುರುಕಿದರೆ ಅದು ಕೆಲಸ ಮಾಡುವುದಿಲ್ಲ. ಬೆರಳಲ್ಲಿ ಬತ್ತಿಯಂತೆ ತೆಳ್ಳಗೆ ಹೊಸೆದು, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆದು ಒಳಗಿಟ್ಟು, ಉಬ್ಬುವವರೆಗೆ ಅರ್ಧ ನಿಮಿಷ ಬೆರಳು ಒತ್ತಿ ಹಿಡಿಯಿರಿ. ಮಾತು, ಟಿವಿ ಸದ್ದು ಅಡಗುತ್ತದೆ. ಗಣೇಶನ ಪೆಂಡಾಲಿನ ಸ್ಪೀಕರಿನ ಧಡಧಡ ಮಾತ್ರ ಪೂರ್ತಿ ಅಡಗದು. ಕಾನೂನಿನಂತೆ ಸಾಮಾನ್ಯವಾಗಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ನಿಷಿದ್ಧ. ಮಿತಿ ಮೀರಿದರೆ 112ಕ್ಕೆ ಹೇಳಬಹುದು.

ಒಂದು ವರ್ಷದ ಮೇಲೆ ಇರುವುದು ಖಾತ್ರಿಯಾದಮೇಲೆ ಮನೆ ನೋಡಿ. ಮಾತು ಕಡಿಮೆ ಇರುವವರು ಒಂಟಿಯಾಗಿ ಸಿಂಗಲ್ ರೂಮಿನ ಮನೆ ಹಿಡಿಯುವುದಕ್ಕಿಂತ, ಇಬ್ಬರು ಸೇರಿ ತಲಾ ಒಂದು ಬೆಡ್‌ರೂಮ್ ಇರುವ ಮನೆ ಹಿಡಿಯುವುದು ಒಳ್ಳೆಯದು ಎಂಬುದು ನಮ್ಮ ಅಭಿಪ್ರಾಯ. ಬಾಗಿಲು ನಿಮ್ಮದು, ಆದರೆ ಜ್ವರ ಬಂದರೆ ಗಂಜಿ ಕಾಯಿಸಲು ಒಬ್ಬರಿರುತ್ತಾರೆ. ಐದಾರು ತಿಂಗಳಿಂದ ಹತ್ತು ತಿಂಗಳ ಬಾಡಿಗೆಯವರೆಗೆ ಅಡ್ವಾನ್ಸ್ ಕೇಳುವ ಓನರ್‌ಗಳು ಇನ್ನೂ ಇದ್ದಾರೆ. ಕರಾರು ಸಾಮಾನ್ಯವಾಗಿ 11 ತಿಂಗಳದ್ದು. ಖಾಲಿ ಮಾಡುವಾಗ ಪೇಂಟಿಂಗ್ ಎಂದು ಒಂದು ತಿಂಗಳ ಬಾಡಿಗೆ ಹಿಡಿಯುವುದು ವಾಡಿಕೆ, ಅದನ್ನು ಮೊದಲೇ ಬರೆಸಿಕೊಳ್ಳಿ. ಸಂಕೋಚದವರು ಈ ಚೌಕಾಸಿಯಲ್ಲಿ ಸೋಲುತ್ತಾರೆ. ಕೇಳಬೇಕಾದ್ದನ್ನು ವಾಟ್ಸಾಪಿನಲ್ಲಿ ಬರೆದು ಕಳಿಸಿದರೆ ಮುಜುಗರವೂ ಇಲ್ಲ, ದಾಖಲೆಯೂ ಉಳಿಯುತ್ತದೆ.

ದಾರಿ

ಬಾಗಿಲಿನಿಂದ ಬಾಗಿಲಿಗೆ 45 ನಿಮಿಷ ಮೀರದ ಹಾಗೆ ನೋಡಿಕೊಳ್ಳಿ. ಆಗುವುದಾದರೆ ಮೆಟ್ರೊ: ಯಾರೂ ಮಾತಾಡಿಸುವುದಿಲ್ಲ, ಚಿಲ್ಲರೆ ಜಗಳವಿಲ್ಲ, ಎಷ್ಟು ಹೊತ್ತಿಗೆ ತಲುಪುತ್ತೇವೆಂದು ಗೊತ್ತಿರುತ್ತದೆ. ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡಿಗೆ, ಹಸಿರು ಮಾರ್ಗ ಮಾದಾವರದಿಂದ ರೇಷ್ಮೆ ಸಂಸ್ಥೆಗೆ. ಎರಡೂ ಕೂಡುವುದು ಮೆಜೆಸ್ಟಿಕ್‌ನಲ್ಲಿ. 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದ ಹಳದಿ ಮಾರ್ಗ ಶುರುವಾದಮೇಲೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮಾಡುವವರು ಜಯನಗರ, ಬಸವನಗುಡಿಯಲ್ಲಿ ಇರಬಹುದಾಗಿದೆ. ಈ ಹಳೆಯ ಬಡಾವಣೆಗಳಲ್ಲಿ ಕನ್ನಡ ಸಾಕು, ನಡೆದು ಹೋಗುವಷ್ಟು ದೂರದಲ್ಲಿ ಪಾರ್ಕು, ದರ್ಶಿನಿ, ಪುಸ್ತಕದಂಗಡಿ ಎಲ್ಲ ಇವೆ. ಆಫೀಸು ಬೆಳ್ಳಂದೂರು, ಮಾರತ್ತಹಳ್ಳಿ ಕಡೆಯ ಹೊರ ವರ್ತುಲ ರಸ್ತೆಯಲ್ಲಿದ್ದರೆ ಲೆಕ್ಕ ಬೇರೆ. ನಡೆದು ಹೋಗುವಷ್ಟು ಹತ್ತಿರವೇ ರೂಮು ಹಿಡಿಯಿರಿ.

ಬಿಎಂಟಿಸಿ ಬಸ್ಸಿನಲ್ಲಿ ಇಳಿಯುವ ಸ್ಟಾಪಿನ ಹೆಸರು ಮೊದಲೇ ತಿಳಿದಿದ್ದರೆ ಮಾತು ಮುಗಿಯಿತು. ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಡಿ ಸಾಮಾನ್ಯ ಬಸ್ಸು ಉಚಿತ, ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಜೊತೆಗಿರಬೇಕು.

ಆಟೊ ಬುಕ್ ಮಾಡಿದ ಮೇಲೆ ಬರುವ "ಎಲ್ಲಿದೀರಾ ಸಾರ್?" ಕರೆಗೆ ಹೆದರುವವರು ಬಹಳ. ಮನೆ ಒಳಗಿನಿಂದ ಬುಕ್ ಮಾಡಬೇಡಿ. ಮುಖ್ಯರಸ್ತೆಯ ಮೆಡಿಕಲ್ ಶಾಪಿನದ್ದೋ ದೇವಸ್ಥಾನದ್ದೋ ಮುಂದೆ ನಿಂತು, ಪಿನ್ನನ್ನು ಅಲ್ಲಿಗೇ ಇಟ್ಟು ಬುಕ್ ಮಾಡಿ, ಕೂಡಲೇ "ಗಣೇಶ ದೇವಸ್ಥಾನದ ಮುಂದೆ ನಿಂತಿದ್ದೀನಿ, ನೀಲಿ ಬ್ಯಾಗು" ಎಂದು ಮೆಸೇಜ್ ಹಾಕಿ. ಮುಕ್ಕಾಲು ಪಾಲು ಕರೆ ಬರುವುದೇ ಇಲ್ಲ.

ಆಫೀಸಿನ ಮಾತು

ಮೀಟಿಂಗಿನಲ್ಲಿ ಮೊದಲ ಹತ್ತು ನಿಮಿಷದೊಳಗೆ ಒಂದು ವಾಕ್ಯ ಹೇಳಿಬಿಡಿ. ತಡವಾದಷ್ಟೂ ಬಾಯಿ ತೆರೆಯುವುದು ಕಷ್ಟವಾಗುತ್ತದೆ, ಯಾಕೆಂದರೆ ಆಗ ಹೇಳುವ ಮಾತು ತುಂಬ ದೊಡ್ಡದಾಗಿರಬೇಕು ಅನಿಸತೊಡಗುತ್ತದೆ. ಬೆಳಗಿನ ಸ್ಟ್ಯಾಂಡಪ್‌ಗೆ (ಟೀಮಿನ ಚಿಕ್ಕ ಮೀಟಿಂಗಿಗೆ) ಮೂರು ಸಾಲು ಬರೆದಿಟ್ಟುಕೊಳ್ಳಿ: ನಿನ್ನೆ ಮಾಡಿದ್ದು, ಇವತ್ತು ಮಾಡುವುದು, ಎಲ್ಲಿ ಸಿಕ್ಕಿಹಾಕಿಕೊಂಡಿದೆ. ಇಂಗ್ಲಿಷಿನ ಅಳುಕಿಗೂ ಇದೇ ಉಪಾಯ. ಟೀಮ್ ಔಟಿಂಗಿಗೆ ಊಟದ ತನಕ ಇದ್ದು ಎದ್ದು ಬಂದರೆ ಯಾರೂ ತಪ್ಪು ತಿಳಿಯುವುದಿಲ್ಲ; ಪ್ರತಿ ಸಲ ನೆಪ ಹೇಳಿದರೆ ಮುಂದೆ ಕರೆಯುವುದನ್ನೇ ಬಿಡುತ್ತಾರೆ.

ಜನರ ಜೊತೆ, ಆದರೆ ಮಾತಿನ ಹಂಗಿಲ್ಲದೆ

ಎಲ್ಲರ ಕಣ್ಣೂ ಬೇರೆ ಯಾವುದರ ಮೇಲೋ ಇರುವ ಜಾಗ ಹುಡುಕಿ. ಕಬ್ಬನ್ ಪಾರ್ಕಿನಲ್ಲಿ ಶನಿವಾರ ಬೆಳಿಗ್ಗೆ ಕಬ್ಬನ್ ರೀಡ್ಸ್ ಕೂಟ ಸೇರುತ್ತದೆ: ಚಾಪೆ ಹಾಸಿ, ತಂದ ಪುಸ್ತಕವನ್ನು ಸುಮ್ಮನೆ ಓದುವುದು. ಅದೇ ಪಾರ್ಕಿನ ಕೆಂಪು ಕಟ್ಟಡದಲ್ಲಿ ರಾಜ್ಯ ಕೇಂದ್ರ ಗ್ರಂಥಾಲಯವಿದೆ. ಜೆ.ಪಿ. ನಗರದ ರಂಗಶಂಕರದಲ್ಲಿ 2004ರಿಂದ ನಾಟಕಗಳು ನಡೆಯುತ್ತಿವೆ. ಒಬ್ಬರೇ ಬರುವವರು ಅಲ್ಲಿ ಎಷ್ಟೋ ಜನ. ಸಮಯಕ್ಕೆ ಸರಿಯಾಗಿ ಬಾಗಿಲು ಹಾಕುತ್ತಾರೆ, ಟ್ರಾಫಿಕ್ ನೆಪ ನಡೆಯುವುದಿಲ್ಲ. ಬಸವನಗುಡಿಯಲ್ಲಿ 1945ರಲ್ಲಿ ಶುರುವಾದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್‌ನಲ್ಲಿ ಉಪನ್ಯಾಸ, ಸಂಗೀತ ಕೇಳಿ ಎದ್ದು ಬರಬಹುದು.

ಒಂದನ್ನೇ ಆರಿಸಿ, ಎಂಟು ವಾರ ಅದೇ ದಿನ, ಅದೇ ಹೊತ್ತಿಗೆ ಹೋಗಿ. ವಾರಕ್ಕೊಂದು ಹೊಸ ಜಾಗಕ್ಕೆ ಹೋದರೆ ಪ್ರತಿ ಸಲವೂ ನೀವು ಹೊಸಬರೇ. ಮೊದಲ ಮೂರು ವಾರ ಮಾತು ಬೇಡ. ನಾಲ್ಕನೇ ವಾರ ಮುಖ ಗುರುತಾದವರಿಗೆ ತಲೆಯಾಡಿಸಿ. ಆಮೇಲೆ ಎದುರಿಗಿರುವ ವಸ್ತುವಿನ ಬಗ್ಗೆ ಒಂದು ಪ್ರಶ್ನೆ: "ಈ ಪುಸ್ತಕ ಎಲ್ಲಿ ಸಿಕ್ತು?" ಅಷ್ಟು ಸಾಕು. ಸಂಕೋಚದವರು ತಡವಾಗಿ ಹೋಗಿ ಹಿಂದೆ ಕೂರಲು ನೋಡುತ್ತಾರೆ, ಅದು ತಪ್ಪು. ಆಗ ಗುಂಪು ಕಟ್ಟಿಕೊಂಡು ನಿಂತವರ ನಡುವೆ ನುಗ್ಗಬೇಕಾಗುತ್ತದೆ. ಹತ್ತು ನಿಮಿಷ ಮೊದಲೇ ಹೋದರೆ ಇಬ್ಬರು ಮೂವರಷ್ಟೇ ಇರುತ್ತಾರೆ, ಕುರ್ಚಿ ಜೋಡಿಸಲು ಕೈ ಹಾಕಿದರೆ ಪರಿಚಯ ತಾನಾಗಿ ಆಗುತ್ತದೆ.

ಅಪರಿಚಿತರ ಜೊತೆ ಶುಕ್ರವಾರ ರಾತ್ರಿ ಟೆಂಪೊ ಟ್ರಾವೆಲರ್ ಹತ್ತುವ ಟ್ರೆಕ್ಕು ಮೊದಲ ಎರಡು ತಿಂಗಳು ಬೇಡ. ಎದ್ದು ನಿಂತು ಪರಿಚಯ ಹೇಳಬೇಕು, ಅಂತ್ಯಾಕ್ಷರಿ ಹಾಡಬೇಕು, ನಡುವೆ ಇಳಿದು ಬರಲು ದಾರಿಯಿಲ್ಲ.

ಮಾತಿನ ಅಭ್ಯಾಸಕ್ಕೆ ದರ್ಶಿನಿಯಂಥ ಜಾಗ ಇನ್ನೊಂದಿಲ್ಲ. "ಒಂದು ಖಾಲಿ ದೋಸೆ, ಒಂದು ಕಾಫಿ, ಸಕ್ಕರೆ ಕಡಿಮೆ." ಬಿಲ್ಲು ಮಾಡಿಸಿ, ಚೀಟಿ ಕೌಂಟರಿಗೆ ಕೊಟ್ಟು, ನಿಂತು ತಿಂದು ಹೊರಡುವುದು. ದಿನವೂ ಒಂದೇ ದರ್ಶಿನಿಗೆ ಒಂದೇ ಹೊತ್ತಿಗೆ ಹೋಗಿ. ಕೆಲವು ವಾರಗಳಾದಮೇಲೆ ಕೌಂಟರಿನವರೇ "ಖಾಲಿನಾ?" ಎಂದು ಕೇಳುತ್ತಾರೆ. ಊರಲ್ಲದ ಊರಿನಲ್ಲಿ ಇಷ್ಟು ಗುರುತು ಸಿಕ್ಕರೂ ದೊಡ್ಡದು.

ಶನಿವಾರದ ಗುಂಡಿ

ಹೆಚ್ಚು ಕೆಡುವುದು ಇಲ್ಲಿ. ಶುಕ್ರವಾರ ರಾತ್ರಿ ಬಾಗಿಲು ಹಾಕಿದವರು ಸೋಮವಾರ ತೆಗೆಯುತ್ತಾರೆ. ಮೊದಲ ಹತ್ತು ಗಂಟೆ ವಿಶ್ರಾಂತಿ, ಆಮೇಲಿನದ್ದು ಬರೀ ಮಂಕು. ಶನಿವಾರ ಬೆಳಿಗ್ಗೆ 10ರೊಳಗೆ ಸ್ನಾನ ಮಾಡಿ ಒಮ್ಮೆ ಹೊರಗೆ ಹೋಗಿ ಬನ್ನಿ, ಆಮೇಲೆ ದಿನವಿಡೀ ರೂಮಿನಲ್ಲಿದ್ದರೂ ತೊಂದರೆಯಿಲ್ಲ. ಪ್ರತಿ ವಾರ ರಾತ್ರಿ ಬಸ್ಸಿಗೆ ಊರಿಗೆ ಓಡುವುದೂ ಇದೇ ಗುಂಡಿಯ ಇನ್ನೊಂದು ದಡ: ಸೋಮವಾರ ನಸುಕಿಗೆ ನಿದ್ದೆಗಣ್ಣಲ್ಲಿ ಮೆಜೆಸ್ಟಿಕ್‌ನಲ್ಲಿ ಇಳಿಯುವವರು ಎರಡೂ ಕಡೆಗೆ ಸೇರುವುದಿಲ್ಲ. ತಿಂಗಳಿಗೆ ಒಂದು ಸಲ, ಹೆಚ್ಚೆಂದರೆ ಎರಡು ಸಲ ಸಾಕು. ಎರಡು ವಾರ ಸತತವಾಗಿ ನಿದ್ದೆ, ಹಸಿವು ಕೆಟ್ಟು, ಮನೆಯವರ ಕರೆ ಎತ್ತಲೂ ಮನಸ್ಸಾಗದಿದ್ದರೆ 14416 ನೆನಪಿರಲಿ.

ಇರುವುದೋ, ಬಿಡುವುದೋ

ಮೂರು ತಿಂಗಳು ಪ್ರತಿ ರಾತ್ರಿ ಕ್ಯಾಲೆಂಡರಿನಲ್ಲಿ ಆ ದಿನ ಹೇಗಿತ್ತೆಂದು ಒಂದರಿಂದ (ತೀರಾ ಕೆಟ್ಟದ್ದು) ಐದರವರೆಗೆ (ತುಂಬ ಒಳ್ಳೆಯದು) ಒಂದು ಅಂಕಿ ಬರೆಯಿರಿ, ಪಕ್ಕದಲ್ಲಿ ಕಾರಣ ಒಂದು ಪದದಲ್ಲಿ: ರೂಮು, ದಾರಿ, ಕೆಲಸ, ಒಂಟಿತನ. ತಿಂಗಳ ಕೊನೆಗೆ ಯಾವ ಪದ ಹೆಚ್ಚು ಬಂದಿದೆಯೋ ಅದನ್ನು ಮಾತ್ರ ಬದಲಿಸಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ. ರೂಮು, ದಾರಿ ಎರಡೂ ಸರಿಯಿದ್ದು ಆರು ತಿಂಗಳಾದರೂ ಅಂಕಿ ಎರಡರ ಮೇಲೆ ಏಳದಿದ್ದರೆ ಮೈಸೂರು, ಮಂಗಳೂರು, ಹುಬ್ಬಳ್ಳಿಯಲ್ಲಿ ಇದೇ ಕೆಲಸ ಹುಡುಕಿ. ಪಿಜಿ ಬಿಡುವುದಾದರೆ ನೋಟಿಸ್ ಎಷ್ಟು ದಿನದ್ದೆಂದು ಕರಾರಿನಲ್ಲಿ ನೋಡಿಕೊಂಡು, ಹೊರಡುವ ತಾರೀಖನ್ನು ಮೆಸೇಜಿನಲ್ಲಿ ತಿಳಿಸಿ, ಅಡ್ವಾನ್ಸಿನಲ್ಲಿ ಎಷ್ಟು ಹಿಡಿಯುತ್ತಾರೆಂದು ಕೇಳಿಕೊಂಡು, ಉಳಿದದ್ದು ಖಾತೆಗೆ ಬಂದಮೇಲೆ ಬೀಗದ ಕೈ ಕೊಡಿ.