4/6 ಇಳಿಸಿದ ಸಿ1500ಗೆ 20 ಇಂಚಿನ ವೀಲ್: ಕೊನೆಗೂ ಉಜ್ಜದೆ ಓಡ್ತಿದೆ

ಇಷ್ಟು ಇಳಿಸಿದ ಪಿಕಪ್‌ಗೆ 20 ಇಂಚಿನ ವೀಲ್ ಹಾಕೋದು ಫೆಂಡರ್ (ವೀಲ್ ಸುತ್ತ ಇರೋ ಬಾಡಿ ತಗಡು) ಕತ್ತರಿಸದೆ ಆಗೋ ಮಾತೇ ಅಲ್ಲ ಅಂತ ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮೂರು ಟೈರ್ ಅಂಗಡಿಯವರು ಹೇಳಿದ್ದರು. ಗಾಡಿ 1995ರ ಷೆವಿ ಸಿ1500 ಪಿಕಪ್. ಮುಂದೆ 4 ಇಂಚು ಇಳಿದಿದೆ: 2 ಇಂಚು ಡ್ರಾಪ್ ಸ್ಪಿಂಡಲ್ (ವೀಲ್ ಕೂರೋ ಹಬ್ಬನ್ನು ಮೇಲಕ್ಕೆ ಸರಿಸಿ ಗಾಡಿ ಇಳಿಸೋ ಭಾಗ), 2 ಇಂಚು ಸ್ಪ್ರಿಂಗ್. ಹಿಂದೆ ಫ್ಲಿಪ್ ಕಿಟ್ (ಆಕ್ಸಲನ್ನು ಲೀಫ್ ಸ್ಪ್ರಿಂಗ್‌ನ ಕೆಳಗಿಂದ ಮೇಲಕ್ಕೆ ತರೋ ಸಾಮಾನು) ಹಾಕಿ 6 ಇಂಚು. 20ರ ವೀಲ್ ಮೇಲೆ ಈಗ ಹನ್ನೊಂದು ಸಾವಿರ ಮೈಲಿ ಹತ್ತಿರ ಬಂತು, ಟೈರ್ ಭುಜದ ಮೇಲೆ ಒಂದು ಗೀರಿಲ್ಲ. ಫೆಂಡರ್‌ಗೆ ಕಟರ್ ತಾಗಿಸಿಲ್ಲ, ಹಿಂದಿನ ಬೆಡ್‌ನ (ಸಾಮಾನು ಹೇರೋ ತೊಟ್ಟಿಯ) ಅಂಚು ಒಳಕ್ಕೆ ಮಡಿಸಿದ್ದು ಬಿಟ್ಟರೆ.

ಮೊದಲು ಮುಗ್ಗರಿಸಿದ ಕಥೆ. ಅಗ್ಗಕ್ಕೆ ಸಿಕ್ಕವು ಅಂತ 22x9.5 ವೀಲ್ (ವ್ಯಾಸ 22 ಇಂಚು, ಅಗಲ 9.5), 265/35 ಟೈರ್ (ಅಗಲ 265 ಮಿಮೀ, ಸೈಡ್‌ವಾಲ್ ಅಂದರೆ ಪಕ್ಕದ ಗೋಡೆ ಅದರ ಶೇಕಡಾ 35) ಸಮೇತ 1,200 ಡಾಲರ್‌ಗೆ ತಂದೆ. ನಿಂತಲ್ಲಿ ಎರಡು ಬೆರಳು ಜಾಗ ಕಾಣ್ತಿತ್ತು. ಅದನ್ನು ನಂಬಿದ್ದೇ ತಪ್ಪು. ಡ್ರೈವ್‌ವೇಯಿಂದ ರಸ್ತೆಗೆ ಓರೆಯಾಗಿ ಇಳಿಸಿ ಪೂರ್ತಿ ತಿರುಗಿಸಿದರೆ ಮುಂದಿನ ಟೈರ್‌ನ ಹಿಂಭಾಗ ಫೆಂಡರ್ ಲೈನರ್‌ಗೆ, ಮುಂಭಾಗ ಬಂಪರ್ ಮೂಲೆಗೆ ಉಜ್ಜೋದು. ಸೈಡ್‌ವಾಲ್ ಮೂರೂವರೆ ಇಂಚು ಮಾತ್ರ. ಎರಡನೇ ವಾರದಲ್ಲೇ ಒಂದು ಗುಂಡಿಗೆ ರಿಮ್ ಬಾಗಿತು. 700ಕ್ಕೆ ಮಾರಿದೆ. 500 ಡಾಲರ್ ಗುರುದಕ್ಷಿಣೆ.

ಆಮೇಲೆ ಲೆಕ್ಕ ತಿರುಗಿಸಿ ಹಾಕಿದೆ. ಕಂಪನಿ ಟೈರ್ 235/75ಆರ್15, ವ್ಯಾಸ 28.9 ಇಂಚು. 255/45ಆರ್20 ಕೂಡ 29.0. ಅಂದರೆ ವೀಲ್ ದೊಡ್ಡದಾದರೂ ಟೈರ್ ದೊಡ್ಡದಾಗೋದಿಲ್ಲ, ಸ್ಪೀಡೋಮೀಟರ್ ಕೂಡ ಕೆಡೋದಿಲ್ಲ. ಇನ್ನೂ ಒಂದು ಲಾಭವಿದೆ. ಡ್ರಾಪ್ ಸ್ಪಿಂಡಲ್ ಹಬ್ಬನ್ನು ಮೇಲಕ್ಕೆತ್ತುತ್ತೆ, ಹಾಗಾಗಿ ಕೆಳಗಿನ ಬಾಲ್ ಜಾಯಿಂಟ್ (ಸ್ಪಿಂಡಲನ್ನು ಸಸ್ಪೆನ್ಷನ್ ಆರ್ಮ್‌ಗೆ ಸೇರಿಸೋ ಕೀಲು) ರಿಮ್‌ನ ಒಳಮೈಗೆ ಹತ್ತಿರ ಬರುತ್ತೆ. 15ರ ರಿಮ್‌ನಲ್ಲಿ ಅಲ್ಲಿ ಕೂದಲೆಳೆ ಜಾಗ. 20ರಲ್ಲಿ ಕೈ ಹಾಕಬಹುದು. ಮುಂದೆ 20x8.5, ಬ್ಯಾಕ್‌ಸ್ಪೇಸ್ (ಹಬ್ ಕೂರೋ ಮೈಯಿಂದ ರಿಮ್‌ನ ಒಳ ಅಂಚಿಗೆ ಇರೋ ದೂರ) 5 ಇಂಚು, ಅಂದರೆ ಆಫ್‌ಸೆಟ್ (ಅದೇ ಮೈ ವೀಲ್‌ನ ನಡುಗೆರೆಯಿಂದ ಎಷ್ಟು ಹೊರಗಿದೆ ಅನ್ನೋದು) +6 ಮಿಮೀ ಆಸುಪಾಸು. ಹಿಂದೆ 20x10, ಬ್ಯಾಕ್‌ಸ್ಪೇಸ್ 5.5, ಟೈರ್ 295/40. ನನ್ನ ಸ್ಪಿಂಡಲ್ ವೀಲನ್ನು ಒಂದೊಂದು ಪಕ್ಕಕ್ಕೂ ಅರ್ಧ ಇಂಚು ಹೊರಕ್ಕೆ ತಳ್ಳಿತ್ತು. ನಿಮ್ಮದು ಎಷ್ಟು ತಳ್ಳುತ್ತೆ ಅಂತ ಅಳೆಯದೆ ಈ ಅಂಕಿಗಳನ್ನು ಎತ್ತಿಕೊಳ್ಳಬೇಡಿ.

ಈಗ ಅಸಲು ಕೆಲಸ. ಟೈರ್ ಉಜ್ಜುತ್ತೋ ಇಲ್ಲವೋ ಅನ್ನೋದನ್ನು ತೀರ್ಮಾನಿಸೋದು ಗಾಡಿಯ ಎತ್ತರ ಅಲ್ಲ, ಬಂಪ್ ಸ್ಟಾಪ್, ಅಂದರೆ ಸಸ್ಪೆನ್ಷನ್ ಮೇಲೇರೋದನ್ನು ಕೊನೆಯಲ್ಲಿ ತಡೆಯೋ ರಬ್ಬರ್ ತುಂಡು. ಮುಂದಿನ ಕಾಯಿಲ್ ಸ್ಪ್ರಿಂಗ್ ಹೊರಗೆ ತೆಗೆಯಿರಿ. ಸ್ಪ್ರಿಂಗ್ ಅದುಮೋ ಕಂಪ್ರೆಸರ್ ಹಾಕಿ, ಸ್ಪ್ರಿಂಗ್ ಹಾರದ ಹಾಗೆ ಚೈನ್ ಸುತ್ತಿ. ಇಲ್ಲಿ ಅವಸರ ಮಾಡಿದರೆ ಹಲ್ಲು ಹೋಗುತ್ತೆ. ಶಾಕ್ ಬಿಚ್ಚಿ, ಸ್ವೇ ಬಾರ್ (ತಿರುವಿನಲ್ಲಿ ಗಾಡಿ ವಾಲದಂತೆ ತಡೆಯೋ ಸರಳು) ಲಿಂಕ್ ಕಳಚಿ, ಬಾಲ್ ಜಾಯಿಂಟ್‌ಗಳು ಹಾಗೇ ಇರಲಿ. ಫ್ರೇಮ್ ಸ್ಟ್ಯಾಂಡ್ ಮೇಲಿರಬೇಕು. ವೀಲ್ ಹಾಕಿ, ಕೆಳಗಿನ ಆರ್ಮ್‌ಗೆ ಜಾಕ್ ಕೊಟ್ಟು ಬಂಪ್ ಸ್ಟಾಪ್ ಮುಟ್ಟುವವರೆಗೆ ಎತ್ತಿ. ಅಲ್ಲಿಂದ ಅರ್ಧರ್ಧ ಇಂಚು ಇಳಿಸುತ್ತಾ ಪ್ರತಿ ಸಲವೂ ಸ್ಟಿಯರಿಂಗ್ ಈ ತುದಿಯಿಂದ ಆ ತುದಿಗೆ ತಿರುಗಿಸಿ. ಒಳಗಡೆ ಸ್ವೇ ಬಾರ್, ಟೈ ರಾಡ್ (ಸ್ಟಿಯರಿಂಗ್‌ನಿಂದ ವೀಲ್ ತಿರುಗಿಸೋ ಸರಳು) ತುದಿಗೆ ಕಾಲು ಇಂಚಾದರೂ ಉಳಿಯಬೇಕು. ಹೊರಗಡೆ ಫೆಂಡರ್ ಅಂಚಿಗೆ ನಾನು ಅರ್ಧ ಇಂಚಿನ ಮುಕ್ಕಾಲು ಪಾಲು, ಅಂದರೆ 3/8 ಇಂಚು, ಇಟ್ಟುಕೊಂಡೆ. ತಿರುವಿನಲ್ಲಿ ಟೈರ್ ಪಕ್ಕಕ್ಕೆ ಬಾಗುತ್ತೆ. ಒಂದೇ ಸೈಜ್ ಬರೆದಿರೋ ಟೈರ್‌ಗಳೂ ಕಂಪನಿಯಿಂದ ಕಂಪನಿಗೆ ಅಗಲದಲ್ಲಿ ಬೇರೆ ಇರ್ತವೆ, ಆದ್ದರಿಂದ ಹಾಕೋ ಟೈರನ್ನೇ ಅಳೆಯಿರಿ.

ಸ್ಪ್ರಿಂಗ್ ಇಳಿಸಿದ ಮೇಲೆ ಕಂಪನಿ ಬಂಪ್ ಸ್ಟಾಪ್ ತುಂಬಾ ಬೇಗ ತಾಗುತ್ತೆ, ಗಾಡಿ ಕುದುರೆ ಥರ ಕುಪ್ಪಳಿಸುತ್ತೆ. ಅದಕ್ಕೇ ಎಲ್ಲರೂ ಕತ್ತರಿಸಿ ಚಿಕ್ಕದು ಮಾಡ್ತಾರೆ. ಕತ್ತರಿಸಿದಷ್ಟೂ ವೀಲ್ ಫೆಂಡರ್ ಒಳಗೆ ಏರುತ್ತೆ ಅನ್ನೋದನ್ನು ಮರೀತಾರೆ. ನಾನು ಯಾವ ಸ್ಟಾಪನ್ನು ಎಷ್ಟು ಉದ್ದಕ್ಕೆ ನಿಲ್ಲಿಸಿದೆ ಅನ್ನೋದು ನನ್ನ ಹತ್ತಿರವೇ ಇರಲಿ. ಮೇಲಿನ ಪರೀಕ್ಷೆ ಮಾಡಿದವರಿಗೆ ಉತ್ತರ ತಾನಾಗೇ ಸಿಗುತ್ತೆ.

ಜಾಕ್ ಪರೀಕ್ಷೆಯನ್ನು ರಸ್ತೆಯಲ್ಲೂ ಖಾತ್ರಿ ಮಾಡಿಕೊಳ್ಳೋಣ ಅಂತ ಚಪಾತಿ ಹಿಟ್ಟಿನ ಉಂಡೆಗಳನ್ನು ಫೆಂಡರ್ ಅಂಚಿನ ಒಳಗೆ ಅಂಟಿಸಿದೆ. ಅರ್ಧ ಗಂಟೆಯಲ್ಲಿ ಒಣಗಿ ಉದುರಿದವು. ಎಣ್ಣೆ ಜಾಸ್ತಿ ಹಾಕಿ ನಾದಿದ ಹಿಟ್ಟು ಜಾರಿ ಬಿತ್ತು. ಕೊನೆಗೆ ಮಕ್ಕಳ ಮಾಡೆಲಿಂಗ್ ಕ್ಲೇ, ಎರಡು ಡಾಲರ್‌ದು, ಕೆಲಸ ಮಾಡಿತು. ಎಡ ಮುಂಭಾಗದ ಉಂಡೆ ಸುಮಾರು 10 ಮಿಮೀಗೆ ಚಪ್ಪಟೆಯಾಗಿತ್ತು, ಜಾಕ್ ಮೇಲೆ ಕಂಡಷ್ಟೇ.

ಹಿಂದಿನದು ಬೇರೆ ರಾಮಾಯಣ. 6 ಇಂಚು ಇಳಿಸಿದ ಮೇಲೆ ಸಿ-ನಾಚ್ (ಆಕ್ಸಲ್ ಏರಲು ಫ್ರೇಮ್‌ನಲ್ಲಿ ಕೊಯ್ದ ಕಚ್ಚಿಗೆ ಹಾಕೋ ಬಲದ ಪಟ್ಟಿ) ಹಾಕೋ ಮೊದಲು ಆಕ್ಸಲ್ ಟ್ಯೂಬ್‌ಗೂ ಫ್ರೇಮ್‌ಗೂ ನಡುವೆ ಒಂದೂವರೆ ಇಂಚಷ್ಟೇ ಉಳಿದಿತ್ತು. ಬೋಲ್ಟ್-ಇನ್ ನಾಚ್ 90 ಡಾಲರ್, ಗ್ರೇಡ್ 8 ಬೋಲ್ಟ್. ಫ್ರೇಮ್ ಕೊಯ್ಯೋ ಮೊದಲು ಬ್ರೇಕ್ ಲೈನ್, ವೈರಿಂಗ್ ಬಿಚ್ಚಿ ಪಕ್ಕಕ್ಕೆ ಕಟ್ಟಿ. ಪೆಟ್ರೋಲ್ ಟ್ಯಾಂಕ್ ಡ್ರೈವರ್ ಕಡೆ ಫ್ರೇಮ್ ಒಳಗೇ ಇದೆ. ನಾನು ಟ್ಯಾಂಕ್ ಇಳಿಸಿಯೇ ಗ್ರೈಂಡರ್ ಮುಟ್ಟಿದ್ದು. ಪರೀಕ್ಷೆಗೆ ಲೀಫ್ ಸ್ಪ್ರಿಂಗ್‌ನಲ್ಲಿ ಕಣ್ಣಿರೋ ಉದ್ದ ಎಲೆ ಒಂದನ್ನೇ ಬಿಟ್ಟು ಉಳಿದವು ತೆಗೆದೆ. ಆಗ ಬೆಡ್ ತಾನೇ ಕೂರುತ್ತೆ. ಒಂದು ವೀಲ್ ಕೆಳಗೆ 6 ಇಂಚಿನ ಮರದ ದಿಮ್ಮಿ ಇಟ್ಟು, ಇನ್ನೊಂದು ಹಾಗೇ ಬಿಟ್ಟು ನೋಡಿ. ಎರಡೂ ಒಟ್ಟಿಗೆ ಏರಿದಾಗ ಸಿಕ್ಕದ ಜಾಗ ಒಂದೇ ಏರಿದಾಗ ಸಿಕ್ಕಿಬೀಳುತ್ತೆ, ಯಾಕಂದರೆ ಆಕ್ಸಲ್ ವಾಲಿದಾಗ ಟೈರ್‌ನ ಮೇಲ್ಭಾಗ ಪಕ್ಕಕ್ಕೆ ಓಲುತ್ತೆ. ನನಗೆ ಬಲಗಡೆ ಅಂಚು ತಾಗಿತು. ಪೇಂಟ್ ಬಿರಿಯದ ಹಾಗೆ ಮಡಿಸಿದೆ. ಹೇಗೆ ಅಂತ ಕೇಳಬೇಡಿ, ಅದೊಂದು ಗುಟ್ಟು. ಲೀಫ್ ಸ್ಪ್ರಿಂಗನ್ನು ಆಕ್ಸಲ್‌ಗೆ ಬಿಗಿಯೋ ಯು-ಬೋಲ್ಟ್ ಮಾತ್ರ ಕೊನೆಗೆ ಹೊಸದೇ ಹಾಕಿ, ಒಮ್ಮೆ ಬಿಗಿದಿದ್ದು ಎಳೆದುಕೊಂಡಿರುತ್ತೆ. ಪಿನಿಯನ್ ಕೋನ (ಆಕ್ಸಲ್‌ಗೆ ಡ್ರೈವ್ ಶಾಫ್ಟ್ ಸೇರೋ ಕೋನ) ಬದಲಾಗಿ 55 ಮೈಲಿ ವೇಗಕ್ಕೆ ನಡುಕ ಬಂತು, 3 ಡಿಗ್ರಿ ಶಿಮ್ (ಓರೆ ಬಿಲ್ಲೆ) ಇಟ್ಟಾಗ ನಿಂತಿತು.

ಲೋಡ್ ಇಂಡೆಕ್ಸ್ (ಟೈರ್ ಎಷ್ಟು ಭಾರ ಹೊರುತ್ತೆ ಅಂತ ಹೇಳೋ ಅಂಕಿ) ಬಗ್ಗೆ ಯಾರೂ ಮಾತಾಡಲ್ಲ, ಪಿಕಪ್‌ನಲ್ಲಿ ಅದೇ ಮುಖ್ಯ. ಕಾರ್ ಟೈರ್ ಅಳತೆಯವನ್ನು ಪಿಕಪ್‌ಗೆ ಹಾಕಿದಾಗ ಅದು ಹೊರೋ ಭಾರವನ್ನು 1.10ರಿಂದ ಭಾಗಿಸಬೇಕು. ಇಂಡೆಕ್ಸ್ 101 ಅಂದರೆ 825 ಕಿಲೋ, ಭಾಗಿಸಿದರೆ 750. 105ಕ್ಕೆ 925, ಉಳಿಯೋದು 840. ಬಾಗಿಲ ಸ್ಟಿಕರ್‌ನಲ್ಲಿ ಆಕ್ಸಲ್ ಭಾರ ಓದಿ, ಆ ಆಕ್ಸಲ್‌ನ ಎರಡೂ ಟೈರ್ ಸೇರಿ ಹೊರೋದು ಅದಕ್ಕಿಂತ ಮೇಲಿರಬೇಕು. ನಾನು ಹಿಂದಿನ ವೀಲ್‌ಗಳಿಗೆ 110 ಹಾಕಿದೆ. ಎಕ್ಸ್‌ಎಲ್ (ಹೆಚ್ಚು ಭಾರ ಹೊರೋ) ಟೈರ್ ಪೂರ್ತಿ ಭಾರ ಹೊರೋದು 42 ಪಿಎಸ್‌ಐ ಹತ್ತಿರ. ಹಳೇ ಅಭ್ಯಾಸಕ್ಕೆ 35 ತುಂಬಿಸಿ ಮರಳು ಹೇರಿದರೆ ಸೈಡ್‌ವಾಲ್ ಬೇಯುತ್ತೆ.

ನಟ್ಟು: ಪ್ಯಾಟರ್ನ್ 5x5 ಇಂಚು (5 ಇಂಚಿನ ವೃತ್ತದಲ್ಲಿ ಐದು ಸ್ಟಡ್), ಸ್ಟಡ್ ಎಂ14x1.5, ಹಬ್ ಬೋರ್ (ವೀಲ್‌ನ ನಡುವಿನ ರಂಧ್ರ) 78.1 ಮಿಮೀ. ಬೋರ್ ದೊಡ್ಡದಿದ್ದರೆ ರಿಂಗ್ ಹಾಕಿ. ನಟ್ಟು ಕೈಯಲ್ಲಿ ಒಂಬತ್ತು ಸುತ್ತಾದರೂ ಹೋಗಬೇಕು. ಹಿಂದೆ ಒಂದು ಸಲ ಹಬ್‌ಗೂ ವೀಲ್‌ಗೂ ನಡುವೆ ಅರ್ಧ ಇಂಚಿನ ಸ್ಪೇಸರ್ ಬಿಲ್ಲೆ ತೂರಿಸಿದ್ದೆ, ಐದೇ ಸುತ್ತು ಸಿಕ್ಕಿತು. ಅವತ್ತೇ ಬಿಚ್ಚಿ ಎಸೆದೆ. 50 ಮೈಲಿ ಓಡಿಸಿ ಮತ್ತೆ ಟಾರ್ಕ್ ರೆಂಚ್‌ನಲ್ಲಿ ಬಿಗಿ ಮಾಡಿ.

ಅಲೈನ್‌ಮೆಂಟ್‌ಗೆ ಎರಡು ಸಲ ದುಡ್ಡು ಹೋಯಿತು, 130ರಂತೆ. ಈ ಗಾಡಿಯ ಮೇಲಿನ ಆರ್ಮ್ ಹತ್ತಿರ ನಾಕ್‌ಔಟ್ ಪ್ಲೇಟ್ ತೆಗೆದು, ತಿರುಗಿಸಿ ಹೊಂದಿಸೋ ಕ್ಯಾಮ್ ಬೋಲ್ಟ್ ಹಾಕದಿದ್ದರೆ ಕ್ಯಾಂಬರ್ (ವೀಲ್ ಒಳಕ್ಕೋ ಹೊರಕ್ಕೋ ವಾಲೋ ಕೋನ) ಅಲುಗಾಡಲ್ಲ. ಮೊದಲ ಅಂಗಡಿಯವರು ಟೋ (ವೀಲ್‌ಗಳು ಎಷ್ಟು ನೇರ ಮುಂದಕ್ಕೆ ಮುಖ ಮಾಡಿವೆ ಅನ್ನೋದು) ಮಾತ್ರ ಸರಿಮಾಡಿ ಬಿಲ್ ಕೊಟ್ಟರು, ಟೈರ್‌ನ ಒಳ ಅಂಚು ಮೂರು ತಿಂಗಳಲ್ಲಿ ಸವೆಯಿತು.

ಪೊಲೀಸರ ವಿಚಾರ. ಕ್ಯಾಲಿಫೋರ್ನಿಯಾ ವೆಹಿಕಲ್ ಕೋಡ್ 24008ರ ಪ್ರಕಾರ ವೀಲ್ ಬಿಟ್ಟು ಗಾಡಿಯ ಯಾವ ಭಾಗವೂ ರಿಮ್‌ನ ಕೆಳ ಅಂಚಿಗಿಂತ ಕೆಳಗಿರಬಾರದು. 15ರಲ್ಲಿ ರಿಮ್ ನೆಲದಿಂದ ಆರೇಳು ಇಂಚು ಮೇಲೆ, 20ರಲ್ಲಿ ನಾಲ್ಕರ ಹತ್ತಿರ. ರಿಮ್‌ಗಳ ಕೆಳ ಅಂಚಿಗೆ ಅಡ್ಡಡ್ಡ ದಾರ ಕಟ್ಟಿ ನೋಡಿದೆ: ಮೊದಲು ದಾರಕ್ಕೆ ತಾಗುತ್ತಿದ್ದ ಕ್ರಾಸ್‌ಮೆಂಬರ್ (ಫ್ರೇಮ್‌ನ ಅಡ್ಡ ತೊಲೆ) ಈಗ ಮೇಲಿದೆ. ಟ್ರೆಡ್ ಫೆಂಡರ್‌ನಿಂದ ಹೊರಗೆ ಇಣುಕಬಾರದು ಅನ್ನೋದು ಇನ್ನೊಂದು ನಿಯಮ, ಸ್ಪೇಸರ್ ಬಿಟ್ಟಿದ್ದಕ್ಕೆ ಅದೂ ಒಂದು ಕಾರಣ. ಬೆಂಗಳೂರಿನಲ್ಲಿ ಬೊಲೆರೊ ಪಿಕಪ್‌ಗೆ ಹೀಗೆ ಮಾಡಬಹುದಾ ಅನ್ನೋರಿಗೆ: ಬೇಡ. ಕಂಪನಿ ಮಾಡಿದ ಗಾಡಿಯನ್ನು ಬದಲಾಯಿಸೋದನ್ನು ತಡೆಯೋ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನು ಬಿಗಿಯಾಗಿ ಓದಿದೆ.

ಖರ್ಚು: ವೀಲ್ 1,100, ಟೈರ್ 900, ಡ್ರಾಪ್ ಕಿಟ್ 650, ಉಳಿದದ್ದೆಲ್ಲ ಸೇರಿ 22ರ ನಷ್ಟದ ಸಮೇತ 3,500 ದಾಟಿತು.

ಟೈರ್ ಸಮೇತ ಒಂದೊಂದು ವೀಲ್ 20 ಪೌಂಡ್ ಹತ್ತಿರ ಭಾರ ಜಾಸ್ತಿಯಾಗಿದೆ, ಬ್ರೇಕ್ ಪೆಡಲ್ ಈಗ ಇನ್ನಷ್ಟು ಒತ್ತು ಕೇಳುತ್ತೆ. ಮುಂದಿನ ಡಿಸ್ಕ್ ದೊಡ್ಡದು ಮಾಡೋವರೆಗೆ ಟ್ರೇಲರ್ ಎಳೆಯೋದು ನಿಲ್ಲಿಸಿದ್ದೇನೆ.